ಅಂಬಾಸಿಡರ್ ಗೇರ್‌ಬಾಕ್ಸ್ ಹಿಂದಿನ ಆಯಿಲ್ ಸೀಲ್ ಮನೆಯಲ್ಲೇ ಬದಲಿಸಬಹುದಾ?

ಅಂಬಿ86:
ಎಲ್ಲರಿಗೂ ನಮಸ್ಕಾರ. ಗಾಡಿ 1986ರ ಅಂಬಾಸಿಡರ್, 1489 ಸಿಸಿ ಪೆಟ್ರೋಲ್, ಸ್ಟೀರಿಂಗ್ ಪಕ್ಕದ ಗೇರ್. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಗೇರ್‌ಬಾಕ್ಸ್ ಬಾಲದ ಕೆಳಗೆ ಅಂಗೈಯಗಲ ಎಣ್ಣೆ. ವರ್ಷದ ಹಿಂದಷ್ಟೇ ಸೀಲ್ (ಎಣ್ಣೆ ತಡೆಯೋ ರಬ್ಬರ್ ಬಳೆ) ಹೊಸದು ಹಾಕಿದ್ದು. ಹಿಂದಿನ ಆಕ್ಸಲ್‌ಗೆ ತಿರುಗುಬಲ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್‌ನ ಮುಂದಿನ ತುದಿಗೆ ಬೋಲ್ಟ್ ಇಲ್ಲ, ಅದರ ಯೋಕ್ (ಕವೆಯಂಥ ಜೋಡಣೆ ತುಂಡು) ಸೀದಾ ಬಾಕ್ಸ್ ಒಳಗೆ ಹೋಗಿದೆ. ಬಾಕ್ಸ್ ಇಳಿಸದೆ ಆಗುತ್ತಾ?

ಹಳೇಸ್ಪಾನರ್:
ಇಳಿಸಬೇಕಿಲ್ಲ. ಆದರೆ ಸೋರುತ್ತಿರೋದು ಯಾವ ಎಣ್ಣೆ ಅಂತ ಮೊದಲು ನೋಡಿ. ಈ ಇಂಜಿನ್‌ನ ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ತಿರುಗುವ ಶಾಫ್ಟ್) ಹಿಂಭಾಗದಲ್ಲಿ ರಬ್ಬರ್ ಸೀಲೇ ಇಲ್ಲ, ಎಣ್ಣೆಯನ್ನು ವಾಪಸ್ ತಳ್ಳುವ, ಸ್ಕ್ರೂ ಮೇಲಿರುವಂಥ ಸುರುಳಿ ತೋಡು ಮಾತ್ರ. ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದರೆ ಇಂಜಿನ್ ಆಯಿಲ್ ಬೆಲ್ ಹೌಸಿಂಗ್‌ಗೆ (ಇಂಜಿನ್-ಗೇರ್‌ಬಾಕ್ಸ್ ನಡುವಿನ ಕ್ಲಚ್ ಕವಚಕ್ಕೆ) ಇಳಿದು, ಅಲ್ಲಿಂದ ತಳದಗುಂಟ ಹಿಂದಕ್ಕೆ ಹರಿಯುತ್ತೆ. ಬೆರಳಿಗೆ ಹಚ್ಚಿ ಮೂಸಿ: ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ಯೋಕ್ ಎದುರಿಗಿರೋ ಫ್ಲೋರ್ ತಗಡಿನ ಮೇಲೆ ಅಡ್ಡಕ್ಕೆ ಎರಚಿದ ಗೆರೆ ಇದ್ದರೆ ಸೀಲೇ. ಸ್ಪೀಡೋ ಕೇಬಲ್ ಬಾಕ್ಸ್‌ಗೆ ಸೇರುವ ಜಾಗವನ್ನೂ ಒರೆಸಿ ನೋಡಿ.

ಜೆಸಿರೋಡ್_ಗಿರಾಕಿ:
ಸೀಲೇ ಅಂತಾದರೆ ಕೆಲಸ ಹೀಗೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್ ಎತ್ತಿ ಎರಡು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಬಾಲ ಮೇಲೆದ್ದಿರೋದರಿಂದ ಎಣ್ಣೆ ಮುಂದಕ್ಕೆ ಸರಿದು ಹೆಚ್ಚು ಸುರಿಯಲ್ಲ, ಆದರೂ ಒಂದು ತಟ್ಟೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡಿ. ಆಗ ಶಾಫ್ಟ್ ತಿರುಗಿಸಿಕೊಂಡು ಹಿಂದಿನ ನಾಲ್ಕೂ ನಟ್ ಕೈಗೆ ಸಿಗುತ್ತವೆ. ಬಿಚ್ಚೋ ಮುಂಚೆ ಅಲ್ಲಿ ಸೇರಿರುವ ಎರಡೂ ಫ್ಲ್ಯಾಂಜ್ (ಬೋಲ್ಟ್ ಹಾಕುವ ಚಪ್ಪಟೆ ಮುಖ) ಮೇಲೆ ಪಂಚ್ ಗುರುತು ಹಾಕಿ, ತಿರುವುಮುರುವಾದರೆ ಗಾಡಿ ನಡುಗಬಹುದು. ಶಾಫ್ಟ್ ಹಿಂದಕ್ಕೆಳೆದರೆ ಯೋಕ್ ಆಚೆ ಬರುತ್ತೆ.

ಹಳೇ ಸೀಲ್‌ನ ತಗಡಿಗೆ ಎದುರುಬದುರು ಎರಡು ಸ್ಕ್ರೂ ತಿರುಗಿಸಿ, ಪ್ಲೈಯರ್‌ನಲ್ಲಿ ಒಂದೊಂದೇ ಸ್ವಲ್ಪಸ್ವಲ್ಪ ಎಳೀರಿ. ಉಳಿ ಹಾಕಿ ಮೀಟಿದರೆ ಹೌಸಿಂಗ್ ಗೀರುತ್ತೆ, ಆಮೇಲೆ ಹೊಸ ಸೀಲ್‌ನ ಹೊರಸುತ್ತಿನಿಂದಲೇ ಸೋರುತ್ತೆ. ಹೊಸದರ ಸ್ಪ್ರಿಂಗ್ ಇರೋ ಬದಿ ಗೇರ್‌ಬಾಕ್ಸ್ ಕಡೆಗೆ. ಸೀಲ್‌ನ ತುಟಿಗೆ (ಯೋಕ್‌ಗೆ ತಾಗುವ ಒಳ ಅಂಚಿಗೆ) ಗೇರ್ ಆಯಿಲ್ ಸವರಿ. ಒಣಗಿದ್ದರೆ ಮೊದಲ ಓಟದಲ್ಲೇ ಸುಡುತ್ತೆ. ಸೀಲ್‌ಗಿಂತ ಕೂದಲಷ್ಟು ಕಿರಿದಾದ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ಕುಟ್ಟಿ. ಹಳೇದರ ನಂಬರ್ ಅಳಿಸಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ವರ್ನಿಯರ್‌ನಲ್ಲಿ ಅಳೆದು ಅಂಗಡಿಗೆ ಹೋಗಿ.

ಹಳೇಸ್ಪಾನರ್:
ವರ್ಷಕ್ಕೇ ಹೋಗಿದೆ ಅಂದರೆ ತಪ್ಪು ಸೀಲ್‌ದಲ್ಲ. ಬಿಚ್ಚೋ ಮುಂಚೆ ಯೋಕ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಒಳಗಿನ ಬುಷ್ (ಯೋಕ್‌ಗೆ ಆಸರೆ ಕೊಡುವ ಲೋಹದ ಬಳೆ) ಸವೆದಿದೆ, ಯಾವ ಕಂಪನಿ ಸೀಲ್ ಹಾಕಿದರೂ ತುಟಿ ಒಂದೇ ಬದಿಗೆ ತಿಂದುಹೋಗುತ್ತೆ. ಬಾಕ್ಸ್‌ನ ಉಸಿರು ತೂತು ಮಣ್ಣು ಕಟ್ಟಿದ್ದರೂ ಅಷ್ಟೇ: ಬಿಸಿಯಾದ ಗಾಳಿಗೆ ದಾರಿಯಿಲ್ಲದೆ ಎಣ್ಣೆಯನ್ನು ಸೀಲ್ ಮೂಲಕ ತಳ್ಳುತ್ತೆ. ಲೆವೆಲ್‌ಗಿಂತ ಜಾಸ್ತಿ ಎಣ್ಣೆ ಹಾಕಿದರೂ ಇದೇ ಗತಿ.

ಅಂಬಿ86:
ವಾಸನೆ ಗೇರ್ ಆಯಿಲ್‌ದೇ. ಯೋಕ್ ಅಲ್ಲಾಡಲ್ಲ. ಬಿಚ್ಚಿದಾಗ ಅದರ ಹೊರಗಿದ್ದ ಅರ್ಧಕ್ಕೆ ತುಕ್ಕಿನ ಚುಕ್ಕೆಗಳು, ಉಗುರಿಗೆ ತಡೆಯುತ್ತವೆ. ಮೇಲೆ ತೆಳು ಸ್ಲೀವ್ (ಲೋಹದ ಕೊಳವೆಯಂಥ ಹೊದಿಕೆ) ಹೊಡೆಸಲಾ?

ಹಳೇಸ್ಪಾನರ್:
ಸಿಕ್ಕಿತಲ್ಲ ಕಳ್ಳ! ಹಿಂದಿನ ಚಕ್ರ ಕುಣಿದಾಗಲೆಲ್ಲ ಯೋಕ್ ಒಳಗೆ ಹೊರಗೆ ಜಾರುತ್ತೆ, ಆ ಚುಕ್ಕೆಗಳು ಅರದ ಹಾಗೆ ತುಟಿ ಕೆರೆಯುತ್ತವೆ. ಸ್ಲೀವ್ ಬೇಡ. ಒಂದೇ ಜಾಗದಲ್ಲಿ ತಿರುಗುವ ಶಾಫ್ಟ್‌ಗೆ ಅದು ಸರಿ. ಇಲ್ಲಿ ಬುಷ್‌ಗೆ ಸಿಕ್ಕಿಹಾಕಿಕೊಳ್ಳುತ್ತೆ. ಉಗುರಿಗೆ ತಡೆಯದಿದ್ದರೆ 600 ನಂಬರ್ ಎಮರಿ ಸಾಕಿತ್ತು. ನಿಮ್ಮದಕ್ಕೆ ಯೋಕೇ ಬದಲಿಸಿ. ಹೊಸದನ್ನು ಬಾಕ್ಸ್ ಶಾಫ್ಟ್‌ನ ಸ್ಪ್ಲೈನ್‌ಗೆ (ಉದ್ದುದ್ದ ಹಲ್ಲುಗಳಿಗೆ) ಹಾಕಿ ಜಾರಿಸಿ ನೋಡಿಯೇ ದುಡ್ಡು ಕೊಡಿ. ಯೋಕನ್ನು ಶಾಫ್ಟ್‌ಗೆ ಸೇರಿಸುವ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್ ಹೇಗೂ ಬಿಚ್ಚಬೇಕು, ಅದನ್ನೂ ಹೊಸದು ಹಾಕಿಬಿಡಿ. ಜೋಡಿಸುವಾಗ ಮುಂದಿನ ಮತ್ತು ಹಿಂದಿನ ಯೋಕ್‌ಗಳ ಕಿವಿಗಳು ಮುಂಚೆ ಇದ್ದ ನೇರದಲ್ಲೇ ಇರಲಿ.