‘ಮೊಣಕಾಲೂರಿದರೂ ಮಾತು ಹೊರಡುತ್ತಿಲ್ಲ’: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಸಹೋದರಿಯೊಬ್ಬರು ಬರೆದಿದ್ದರು: ಪತಿಯ ಕೆಲಸ ಹೋಗಿದೆ. ಮಗಳ ಕಾಯಿಲೆ ವರ್ಷವಾದರೂ ವಾಸಿಯಾಗಿಲ್ಲ. ಚರ್ಚಿನ ಸಭೆಯಲ್ಲಿ ಕೆಲವರು ‘ನಿನ್ನ ವಿಶ್ವಾಸ ಸಾಲದು’ ಅನ್ನುತ್ತಾರೆ. ದೇವರು ಕೇಳುತ್ತಾನೋ ಇಲ್ಲವೋ ಎಂಬ ಅನುಮಾನ ಇಟ್ಟುಕೊಂಡು ಆರಾಧನೆಗೆ ಹೋಗುವುದು ಬೂಟಾಟಿಕೆಯಲ್ಲವೇ?

ಪ್ರಿಯ ಸಹೋದರಿ,

ನನ್ನ ಮಗ ಐಸಿಯುನಲ್ಲಿದ್ದ ಹನ್ನೊಂದು ದಿನ ನಾನು ಹೊರಗಿನ ಬೆಂಚಿನ ಮೇಲೇ ಇದ್ದೆ. ಬ್ಯಾಗಿನಲ್ಲಿ ಬೈಬಲ್ ಇತ್ತು, ಜಿಪ್ ಎಳೆಯಲು ಮನಸ್ಸು ಬರುತ್ತಿರಲಿಲ್ಲ. ನೋಡಲು ಬಂದವರೆಲ್ಲ ‘ಅಳಬೇಡ, ವಿಶ್ವಾಸದಲ್ಲಿ ನಿಲ್ಲು’ ಎಂದು ಹೇಳಿ ಹೋಗುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಮಾತ್ರ ಏನೂ ಹೇಳದೆ ತಮ್ಮ ಬೈಬಲ್ ತೆಗೆದು 88ನೇ ಕೀರ್ತನೆ ತೋರಿಸಿದರು.

ಓದಿ ನೋಡಿ. ಗೋಳಿಡುವ ಕೀರ್ತನೆಗಳು ಬಹಳ ಇವೆ, ಆದರೆ ಹೆಚ್ಚಿನವು ಕೊನೆಗೆ ಹೇಗೋ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ. ಹಗಲೂ ರಾತ್ರಿ ಕೂಗಿದವನು ‘ನನಗೇಕೆ ಮುಖ ಮರೆಮಾಡುತ್ತೀ’ ಎಂದು ಕೇಳುತ್ತಾನೆ, ಕತ್ತಲೆಯಲ್ಲೇ ಮುಗಿಸುತ್ತಾನೆ. ಸಮಾಧಾನದ ಒಂದು ಸಾಲೂ ಇಲ್ಲ. ಹೀಗೆ ಮಾತಾಡಿದವನನ್ನೂ ಬೈಬಲಿನಿಂದ ಹೊರಗೆ ಹಾಕಿಲ್ಲ, ಅಲ್ವಾ? ಅವತ್ತು ರಾತ್ರಿ ನಾನೂ ದೇವರ ಜೊತೆ ಜಗಳವಾಡಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಎಷ್ಟೋ ದಿನಗಳ ನಂತರ ನಾನು ಮಾಡಿದ ನಿಜವಾದ ಪ್ರಾರ್ಥನೆ ಅದೇ.

ಮಗ ಉಳಿದ. ಆದರೆ ಈಗಲೂ ಕುಂಟುತ್ತಾನೆ. ನಾನು ಬೇಡಿಕೊಂಡದ್ದು ಹೀಗಲ್ಲ. ಆ ಪ್ರಶ್ನೆ ಇನ್ನೂ ನನ್ನ ಹತ್ತಿರವೇ ಇದೆ.
— ಒಬ್ಬ ತಾಯಿ

‘ವಿಶ್ವಾಸ ಸಾಲದು’ ಅಂದವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಬಂತು. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಬಾಯಿ ಬಿಟ್ಟಮೇಲೆ ಕೆಟ್ಟಿತು. ಕೊನೆಗೆ ದೇವರು ಕೋಪಿಸಿಕೊಂಡದ್ದು ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ‘ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ’ ಎಂದು ದೇವರು ಹೇಳಿದ.

ಮಾರ್ಕನ ಸುವಾರ್ತೆ 9ನೇ ಅಧ್ಯಾಯದ ಆ ತಂದೆಯನ್ನೂ ನೆನೆಸಿಕೊಳ್ಳಿ. ಕಾಯಿಲೆಯ ಮಗನನ್ನು ಕರೆತಂದವನು ‘ನಿನ್ನಿಂದ ಏನಾದರೂ ಆಗುವುದಾದರೆ’ ಎಂದೇ ಬೇಡಿಕೊಂಡ. ನಂಬುತ್ತೇನೆ ಅಂದ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂದ. ಎರಡೂ ಒಂದೇ ಉಸಿರಿನಲ್ಲಿ. ಹೋಗು, ವಿಶ್ವಾಸ ಜಾಸ್ತಿಯಾದ ಮೇಲೆ ಬಾ ಎಂದು ಯೇಸು ಕಳಿಸಲಿಲ್ಲ. ಹುಡುಗನನ್ನು ವಾಸಿಮಾಡಿದ.
— ನಿವೃತ್ತ ಸಂಡೇ ಸ್ಕೂಲ್ ಶಿಕ್ಷಕ

ಅಕ್ಕಾ, ಆರಾಧನೆ ಮಾತ್ರ ಬಿಡಬೇಡಿ. ನಾನು ಎರಡು ವರ್ಷ ಹಿಂದಿನ ಸಾಲಿನಲ್ಲಿ ಕೂತು ಬಂದಿದ್ದೇನೆ. ಹಾಡು ಬಾಯಿಗೆ ಬರುತ್ತಿರಲಿಲ್ಲ, ಬೇರೆಯವರು ಹಾಡುವುದನ್ನು ಕೇಳುತ್ತಿದ್ದೆ. ಅದು ಬೂಟಾಟಿಕೆ ಅಂತ ನನಗೆ ಅನ್ನಿಸಿಲ್ಲ. ಮದರ್ ತೆರೇಸಾ ತೀರಿಕೊಂಡು 10 ವರ್ಷದ ಮೇಲೆ, 2007ರಲ್ಲಿ, ಅವರ ಪತ್ರಗಳು ಹೊರಬಂದವು. ದೇವರು ಹತ್ತಿರವಿದ್ದಾನೆ ಎಂದು ಅನ್ನಿಸದೆಯೇ ದಶಕಗಳನ್ನು ಕಳೆದೆ ಎಂದು ಅವರು ಅದರಲ್ಲಿ ಬರೆದಿದ್ದಾರೆ. ಆದರೂ ಬೆಳಗಾದರೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಇನ್ನೊಂದು ಮಾತು. ಮಾತ್ರೆ ನಿಲ್ಲಿಸಿ ಪ್ರಾರ್ಥನೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ಶಿಷ್ಯ ತಿಮೊಥೆಗೆ ಹೊಟ್ಟೆನೋವಿದ್ದಾಗ ಅಪೊಸ್ತಲ ಪೌಲನು ಮದ್ದಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಪೌಲನ ಜೊತೆಗಿದ್ದ ಲೂಕ ವೈದ್ಯ. ತನ್ನ ನೋವು ಹೋಗಲಿ ಎಂದು ಪೌಲನೇ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ಅವನಿಗೂ ವಿಶ್ವಾಸ ಸಾಲದಾಗಿತ್ತು ಅನ್ನೋಣವೇ?
— ಒಬ್ಬ ನರ್ಸ್

ನಿಮ್ಮ ಪತಿಯಂತೆ ನಾನೂ ಕೆಲಸ ಕಳೆದುಕೊಂಡ ಒಬ್ಬ ಗಂಡ. ಅದಕ್ಕೇ ಬರೆಯುತ್ತಿದ್ದೇನೆ. ‘ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ’ ಎಂದು ಹೆಂಡತಿ ಹೇಳಿದಾಗಲೆಲ್ಲ ನನಗೆ ರೇಗುತ್ತಿತ್ತು. ಒಂದು ರಾತ್ರಿ ಅವಳು ಪಾತ್ರೆ ತೊಳೆಯುತ್ತಾ, ತಿರುಗಿಯೂ ನೋಡದೆ, ‘ನನಗೂ ಅನುಮಾನ ಬಂದುಬಿಟ್ಟಿದೆ’ ಅಂದಳು. ತಿಂಗಳುಗಳ ನಂತರ ಅವತ್ತೇ ನಾವಿಬ್ಬರೂ ಒಟ್ಟಿಗೆ ಕೂತದ್ದು. ಸ್ವಂತ ಮಾತು ಒಂದೂ ಬರಲಿಲ್ಲ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಚಿಕ್ಕಂದಿನಲ್ಲಿ ಕಲಿತದ್ದನ್ನೇ ಹೇಳಿ ಮಲಗಿದೆವು. ನಿಮ್ಮ ಪತಿಗೆ ಈ ಅನುಮಾನದ ವಿಷಯ ಹೇಳಿದ್ದೀರಾ?
— ಒಬ್ಬ ಓದುಗ