ತ್ರಿಯೇಕ ದೇವರು: ಒಬ್ಬರೇ ಎಂದ ಮೇಲೆ ಮೂವರು ಹೇಗೆ?

ಪ್ರಶ್ನೆ: ಬದಿಯಡ್ಕದ ಅಧ್ಯಾಪಕ

ದೇವರು ಒಬ್ಬರೇ ಎಂಬ ವಿಷಯದಲ್ಲಿ ತಮಗೆ ಯಾವ ಸಂಶಯವೂ ಇಲ್ಲವೆಂದು ನನ್ನ ಕ್ರೈಸ್ತ ಸಹೋದ್ಯೋಗಿಗಳು ಹೇಳುತ್ತಾರೆ. ಆದರೆ ಪ್ರಾರ್ಥನೆಗೆ ಮೊದಲು ಅವರು ಹಣೆ ಮುಟ್ಟಿ ಪಿತನನ್ನೂ, ಎದೆ ಮುಟ್ಟಿ ಸುತನನ್ನೂ, ಎಡಬಲದ ಭುಜಗಳನ್ನು ಮುಟ್ಟಿ ಪವಿತ್ರಾತ್ಮರನ್ನೂ ಸ್ಮರಿಸುತ್ತಾರೆ. ಇದು ಸೃಷ್ಟಿ, ಸ್ಥಿತಿ, ಲಯಗಳನ್ನು ಹಂಚಿಕೊಂಡ ನಮ್ಮ ತ್ರಿಮೂರ್ತಿಗಳಂಥ ಕಲ್ಪನೆಯೇ? ಅಲ್ಲವೆಂದಾದರೆ ಒಬ್ಬರೇ ದೇವರಿಗೆ ಮೂರು ಹೆಸರುಗಳೇ? ಹೆಸರು ಮಾತ್ರ ಬೇರೆಯಾದರೆ, ಗೆತ್ಸೆಮನೆ ತೋಟದಲ್ಲಿ ಯೇಸು ಮೊಣಕಾಲೂರಿ ಪ್ರಾರ್ಥಿಸಿದ್ದು ಯಾರನ್ನು? ಉತ್ತರಿಸುವವರು 'ಅದು ರಹಸ್ಯ, ನಂಬಬೇಕು' ಎಂದಷ್ಟೇ ಹೇಳಿ ಮುಗಿಸಬಾರದೆಂದು ವಿನಂತಿ. ಆ ಉತ್ತರ ನನಗೆ ಈಗಾಗಲೇ ಸಿಕ್ಕಿದೆ.

ಉತ್ತರ: ಬೇಳದ ಕೊಂಕಣಿ ಕ್ರೈಸ್ತ

ಮಾಸ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಪಿತ, ಸುತ, ಪವಿತ್ರಾತ್ಮ ಎಂಬುವು ಒಬ್ಬರ ಮೂರು ಹೆಸರುಗಳಾಗಿದ್ದರೆ ಯೇಸುವಿನ ಪ್ರಾರ್ಥನೆ ಬರಿಯ ನಟನೆಯಾಗುತ್ತಿತ್ತು. ದೊತೊರ್ನ್ (ಧರ್ಮೋಪದೇಶ) ತರಗತಿಯಲ್ಲಿ ಮಕ್ಕಳಿಗೆ ನೀರು, ಮಂಜುಗಡ್ಡೆ, ಹಬೆಯ ಉದಾಹರಣೆ ಕೊಡುವವರಿದ್ದಾರೆ. ಕೇಳುವುದಕ್ಕೆ ಚೆನ್ನಾಗಿದ್ದರೂ ಅದು ಸಭೆಯ, ಅಂದರೆ ಚರ್ಚಿನ, ಬೋಧನೆಯಲ್ಲ. ಅದು ಒಬ್ಬರೇ ದೇವರು ಕಾಲಕ್ಕೆ ತಕ್ಕಂತೆ ಮೂರು ವೇಷ ತೊಡುತ್ತಾರೆಂಬ, ಸಬೆಲ್ಲಿಯಸ್ ಎಂಬ ಬೋಧಕನ ವಾದ. ಸಭೆ ಅದನ್ನು ಮೂರನೆಯ ಶತಮಾನದಲ್ಲಿಯೇ ತಳ್ಳಿಹಾಕಿತು. ಹಬೆಯಾದ ನೀರು ಆಗ ಮಂಜುಗಡ್ಡೆಯಾಗಿರುವುದಿಲ್ಲ. ಆದರೆ ಯೊರ್ದಾನ್ ನದಿಯಲ್ಲಿ ಯೇಸುವಿಗೆ ದೀಕ್ಷಾಸ್ನಾನವಾದಾಗ ಪಿತನ ವಾಣಿ, ನೀರಿನಿಂದೇಳುವ ಸುತ, ಪಾರಿವಾಳದಂತೆ ಇಳಿಯುವ ಆತ್ಮ, ಮೂವರೂ ಒಂದೇ ಹೊತ್ತಿಗೆ ಇದ್ದರು.

ಇದರ ಎದುರು ತುದಿಯಲ್ಲಿ ನಿಂತವನು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್. ಸುತ ಎಷ್ಟೇ ಉನ್ನತನಾದರೂ ದೇವರು ಸೃಷ್ಟಿಸಿದವನೇ, ಅವನಿಲ್ಲದ ಒಂದು ಕಾಲವಿತ್ತು ಎಂದು ಅವನು ಕಲಿಸಿದ. ಲೆಕ್ಕ ಸರಳವಾಯಿತು, ದೇವರು ಒಬ್ಬರೇ ಉಳಿದರು. ಆದರೆ ಸುತ ಸೃಷ್ಟಿಯೇ ಆಗಿದ್ದರೆ, ಸೃಷ್ಟಿಯಾದ ನಮ್ಮನ್ನು ದೇವರೊಡನೆ ಸೇರಿಸುವ ಸಾಮರ್ಥ್ಯ ಅವನಿಗೆ ಎಲ್ಲಿಂದ ಬರಬೇಕು ಎಂಬುದು ಮುಂದೆ ಅದೇ ಅಲೆಕ್ಸಾಂಡ್ರಿಯದ ಬಿಷಪನಾದ ಅಥನೇಸಿಯಸನ ಪ್ರಶ್ನೆಯಾಗಿತ್ತು. 325ರಲ್ಲಿ ನಿಸೇಯದಲ್ಲಿ ಸೇರಿದ ಬಿಷಪರು ಸುತ ಸೃಷ್ಟಿಸಲ್ಪಟ್ಟವನಲ್ಲ, ಪಿತನಿಂದ ಜನಿಸಿದವನು, ಪಿತನ ಸತ್ವವೇ ಅವನ ಸತ್ವ ಎಂದು ನಿರ್ಣಯಿಸಿದರು. ಜಗಳ ಅಲ್ಲಿಗೇ ಮುಗಿಯಲಿಲ್ಲ. ರೋಮನ್ ಚಕ್ರವರ್ತಿಗಳ ಮನಸ್ಸು ಬದಲಾದಂತೆಲ್ಲ ಅಥನೇಸಿಯಸ್ ಐದು ಬಾರಿ ಗಡೀಪಾರಾದ.

ತ್ರಿಮೂರ್ತಿಗಳ ಹೋಲಿಕೆ ಇಲ್ಲಿ ಕೂಡುವುದಿಲ್ಲ. ಸೃಷ್ಟಿ ಪಿತನ ಪಾಲು, ರಕ್ಷಣೆ ಸುತನ ಪಾಲು ಎಂಬ ಹಂಚಿಕೆ ನಮ್ಮಲ್ಲಿಲ್ಲ. ಮೂವರೂ ಎಲ್ಲವನ್ನೂ ಒಂದೇ ಸಂಕಲ್ಪದಿಂದ ಮಾಡುತ್ತಾರೆ. ಭೇದವಿರುವುದು ಅವರ ಪರಸ್ಪರ ಸಂಬಂಧದಲ್ಲಿ ಮಾತ್ರ: ಒಬ್ಬರು ಜನ್ಮ ಕೊಡುವವರು, ಒಬ್ಬರು ಜನಿಸುವವರು, ಒಬ್ಬರು ಹೊರಹೊಮ್ಮುವವರು, ಅದೂ ಕಾಲಕ್ಕೆ ಮೊದಲೇ, ಆದಿ ಅಂತ್ಯಗಳಿಲ್ಲದೆ. 'ದೇವರು ಪ್ರೀತಿಯಾಗಿದ್ದಾರೆ' ಎಂದು ಯೊವಾನ್ನನ ಪತ್ರ ಹೇಳುವಾಗ ನಾವು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತೇವೆ. ಜಗತ್ತು ಹುಟ್ಟುವ ಮೊದಲೂ ದೇವರಲ್ಲಿ ಪ್ರೀತಿಯಿತ್ತೆಂದರೆ, ಪ್ರೀತಿಸುವವರೂ ಪ್ರೀತಿಸಲ್ಪಡುವವರೂ ಆಗಲೇ ಇದ್ದಿರಬೇಕಷ್ಟೆ.

ಉತ್ತರ: ಕೂಡ್ಲಿನ ಓದುಗ

ನಾನು ಕ್ರೈಸ್ತನಲ್ಲ, ಮಾಧ್ವ ಮನೆತನದವನು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ವಾದ ನಡೆಯಿತೆಂದು ಹೇಳುವ ವಿಷ್ಣುಮಂಗಲ ನಮ್ಮೂರಿನಲ್ಲಿಯೇ ಇದೆ. ಇಂಥ ಚರ್ಚೆ ಈ ಮಣ್ಣಿಗೆ ಹೊಸತೇನಲ್ಲ. ದೇವರ ಜ್ಞಾನ, ಆನಂದ, ಬಲ ಮೊದಲಾದ ಗುಣಗಳು ದೇವರಿಂದ ಬೇರೆಯಲ್ಲ, ಆದರೂ ಅವುಗಳನ್ನು ಬೇರೆಬೇರೆಯಾಗಿ ಹೇಳುವುದು ಸುಳ್ಳೂ ಅಲ್ಲ. ಅದಕ್ಕೆ ಅವಕಾಶ ಕೊಡುವುದು 'ವಿಶೇಷ' ಎನ್ನುತ್ತದೆ ಮಧ್ವರ ದರ್ಶನವಾದ ತತ್ತ್ವವಾದ. ಒಂದೇ ವಸ್ತುವಿನಲ್ಲಿ ಭೇದದ ಮಾತಾಡುವ ಕಷ್ಟ ಕ್ರೈಸ್ತರಿಗೆ ಮಾತ್ರ ಬಂದದ್ದಲ್ಲ. ಹಾಗಿದ್ದರೂ ನನ್ನ ಸಂಶಯ ತೀರಿಲ್ಲ. ಪ್ರೀತಿಗೆ ಇಬ್ಬರು ಬೇಕೆಂಬುದು ವಾದವಾದರೆ ಇಬ್ಬರೇ ಸಾಕಲ್ಲ? ಮೂರನೆಯವರು ಏಕೆ? ಮೂವರ ಬದಲು ಮೂರು ಗುಣಗಳೆಂದರೆ ಏನು ನಷ್ಟ?

ಉತ್ತರ: ಬೇಳದ ಕೊಂಕಣಿ ಕ್ರೈಸ್ತ

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಜ್ಞಾನ ಎಂಬ ಗುಣ ಆನಂದ ಎಂಬ ಗುಣವನ್ನು ಕರೆದು ಮಾತಾಡಿಸುವುದಿಲ್ಲ. ಯೊವಾನ್ನನ 17ನೆಯ ಅಧ್ಯಾಯದಲ್ಲಿ ಸುತ ಪಿತನನ್ನು ಸಂಬೋಧಿಸಿ, ಲೋಕ ಸೃಷ್ಟಿಯಾಗುವ ಮೊದಲೇ ನೀವು ನನ್ನನ್ನು ಪ್ರೀತಿಸಿದ್ದೀರಿ ಎನ್ನುತ್ತಾನೆ. ಆದ್ದರಿಂದ ನಾವು ಗುಣ ಎನ್ನದೆ ವ್ಯಕ್ತಿ ಎನ್ನುತ್ತೇವೆ. ಆದರೆ ಮೂರು ಮನಸ್ಸು, ಮೂರು ಇಚ್ಛೆಗಳುಳ್ಳ ಮೂವರು ಮನುಷ್ಯರನ್ನು ಕಣ್ಣೆದುರಿಗೆ ತಂದುಕೊಂಡರೆ ದಾರಿ ತಪ್ಪುತ್ತದೆ.

ಮೂರನೆಯವರು ಏಕೆಂಬ ಪ್ರಶ್ನೆಗೆ ಪ್ರಾಚೀನ ಕ್ರೈಸ್ತ ಚಿಂತಕ ಆಗಸ್ಟೀನನ ಉತ್ತರ ಪ್ರಸಿದ್ಧ: ಪ್ರೀತಿಸುವವರು, ಪ್ರೀತಿಸಲ್ಪಡುವವರು, ಅವರ ನಡುವಿನ ಪ್ರೀತಿ. ನನಗೆ ಅದು ಪೂರ್ತಿ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಅಲ್ಲಿ ಆತ್ಮರು ವ್ಯಕ್ತಿಯಾಗುವುದಕ್ಕಿಂತ ಇಬ್ಬರ ನಡುವಿನ ನಂಟಾಗಿ ಉಳಿಯುತ್ತಾರೆ. ನಿಜ ಹೇಳಬೇಕೆಂದರೆ ಸಭೆ ಮೂವರನ್ನು ತರ್ಕದಿಂದ ಕಂಡುಕೊಂಡದ್ದಲ್ಲ. ಮೂವರ ನಾಮದಲ್ಲಿ ದೀಕ್ಷಾಸ್ನಾನ ಕೊಡುವುದು ಮೊದಲಿನಿಂದಲೂ ಇತ್ತು. ತರ್ಕ ಅದರ ಹಿಂದಿನಿಂದ ಬಂತು.

ಪ್ರಶ್ನೆ ಕೇಳಿದವರಿಂದ

ಗುಣಕ್ಕೂ ವ್ಯಕ್ತಿಗೂ ಮಾಡಿದ ಭೇದ ನನಗೆ ಸ್ಪಷ್ಟವಾಯಿತು. ಆದರೆ 'ಪಿತ ನನಗಿಂತ ದೊಡ್ಡವರು' ಎಂದು ಯೇಸುವೇ ಹೇಳಿದ್ದಾರಲ್ಲ. ಸತ್ವ ಒಂದೇ ಆದರೆ ದೊಡ್ಡವರು, ಚಿಕ್ಕವರು ಎಂಬುದೆಲ್ಲಿ?

ಉತ್ತರ: ಮಂಜೇಶ್ವರದ ಪ್ರೊಟೆಸ್ಟೆಂಟ್ ಓದುಗಿ

ಏರಿಯಸನ ಕಡೆಯವರು ಹಿಡಿದ ವಾಕ್ಯವೂ ಅದೇ, ಯೊವಾನ 14:28. ಉತ್ತರ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿದೆ: ದೇವಸ್ವರೂಪನಾಗಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪವನ್ನು ಧರಿಸಿದನು. 451ರಲ್ಲಿ ಖಲ್ಕೆದೋನಿನಲ್ಲಿ ಸೇರಿದ ಬಿಷಪರ ಸಭೆ ಇದನ್ನು ಬಿಡಿಸಿ, ಯೇಸು ಒಬ್ಬನೇ ವ್ಯಕ್ತಿ, ಆದರೆ ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು, ಎರಡು ಸ್ವಭಾವಗಳು ಕಲಸಿಹೋಗುವುದಿಲ್ಲ, ಬೇರ್ಪಡುವುದೂ ಇಲ್ಲ ಎಂದಿತು. ಮನುಷ್ಯನಾಗಿ ಅವನು ಹಸಿದ, ಅತ್ತ, ಪ್ರಾರ್ಥಿಸಿದ. ಆ ನೆಲೆಯಲ್ಲಿ ಪಿತನು ದೊಡ್ಡವನು. ದೇವರಾಗಿ ಸಮಾನನು.

ಕೂಡ್ಲಿನವರ ಪ್ರಶ್ನೆಗೂ ಒಂದು ಮಾತು. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಪವಿತ್ರಾತ್ಮನು, ಬಾರ್ನಬನನ್ನೂ ಸೌಲನನ್ನೂ ನನಗಾಗಿ ಪ್ರತ್ಯೇಕಿಸಿರಿ ಎಂದು ಅಪ್ಪಣೆ ಕೊಡುತ್ತಾನೆ. ನಂಟು ಹಾಗೆ ಅಪ್ಪಣೆ ಕೊಡುವುದಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಬಿಷಪರ ಸಭೆ ಆತ್ಮನನ್ನು ಪಿತನೊಂದಿಗೂ ಸುತನೊಂದಿಗೂ ಆರಾಧಿಸಬೇಕೆಂದು ಸಾರಿತು. ಆ ಸಭೆಯ ವಿಶ್ವಾಸಪ್ರಮಾಣ (ನಂಬಿಕೆಯ ಘೋಷಣೆ) ಆತ್ಮನು ಪಿತನಿಂದ ಹೊರಡುತ್ತಾನೆ ಎನ್ನುತ್ತಿತ್ತು. ಪಶ್ಚಿಮದ ಸಭೆ ಆಮೇಲೆ 'ಸುತನಿಂದಲೂ' ಎಂದು ಸೇರಿಸಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಅದನ್ನು ಇಂದಿಗೂ ಒಪ್ಪಿಲ್ಲ, ಈ ವಿಷಯದಲ್ಲಿ ನನ್ನ ಮನಸ್ಸು ಅವರ ಕಡೆಗೇ ಇದೆ.