ಚೀನಾದ ನೆಂಟರು ಹೊರಟು ನಿಂತಾಗ ಎಂತ ಮಾಡಬೇಕು? ಕೊಡೆ ಕೊಟ್ಟು ಪೇಚಿಗೆ ಸಿಕ್ಕಿದೆ

ನೀರ್ಚಾಲು ಟೀಚರ್:

ನಮಸ್ಕಾರ. ನಾನು ಕಾಸರಗೋಡಿನ ನೀರ್ಚಾಲು ಕಡೆಯವಳು. ಕನ್ನಡ ಮೀಡಿಯಂನಲ್ಲಿ 28 ವರ್ಷ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ತುಳುವಿನವರು ಬಂದರೆ ತುಳು, ಮಲಯಾಳದವರು ಬಂದರೆ ಮಲಯಾಳ, ಹಾಗೆ ಯಾರನ್ನಾದರೂ ಮಾತಾಡಿಸಿ ಕಳಿಸುವ ಅಭ್ಯಾಸ ಈ ಊರಿನ ಎಲ್ಲರಿಗೂ ಉಂಟು. ಚೀನಾದವರು ಬಂದಾಗ ಮಾತ್ರ ಸೋತೆ.

ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಅವನ ಆಫೀಸಿನ ಗೆಳೆಯನೊಬ್ಬ ಹಾಂಗ್‌ಝೌ ಊರಿನವನು. ಹೋದ ವರ್ಷ ಜೂನ್‌ನಲ್ಲಿ ಮಗನ ಜೊತೆ ಅವನೂ ಅವನ ಹೆಂಡತಿಯೂ ನಮ್ಮಲ್ಲಿಗೆ ಬಂದಿದ್ದರು. ಎರಡು ದಿನ ಇದ್ದರು. ಚಿನ್ನದಂಥ ಮಕ್ಕಳು. ಪತ್ರೊಡೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಹೊರಡುವವರೆಗೆ ಎಲ್ಲ ಚೆನ್ನಾಗಿತ್ತು.

ನಮ್ಮ ಮನೆ ರಸ್ತೆಯಿಂದ ಒಳಗೆ. ಅಂಗಳ ಇಳಿದು, ತೋಟದ ಬದಿಯಲ್ಲಿ ನಡೆದು, ಸಂಕ (ಕಾಲುಸೇತುವೆ) ದಾಟಿ, ಹದಿನಾಲ್ಕು ಮುರಕಲ್ಲಿನ ಮೆಟ್ಟಿಲು ಹತ್ತಿದರೆ ರಸ್ತೆ. ಕಾರು ಅಲ್ಲೇ ನಿಲ್ಲಬೇಕು. ಅವತ್ತು ಹೊರಡುವ ಹೊತ್ತಿಗೆ ಸರಿಯಾಗಿ ಮಳೆ ಹನಿಯಲು ಶುರುವಾಯಿತು. ನಾನು ಒಳಗೆ ಓಡಿ ಹೊಸ ಕರಿಕೊಡೆ, ಉದ್ದ ಹಿಡಿಯದ್ದು, ತಂದು ಆ ಹುಡುಗಿಯ ಕೈಯಲ್ಲಿಟ್ಟೆ. "ಇದು ನಿಮಗೇ, ಇಟ್ಟುಕೊಳ್ಳಿ" ಅಂದೆ. ಮಗ ಇಂಗ್ಲಿಷಿನಲ್ಲಿ ಹೇಳಿದ. ಅವಳ ಮುಖ ಒಂದು ಥರ ಆಯಿತು. ನಕ್ಕಳು, ಆದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಕೊಟ್ಟೆ. ಗಂಡನ ಮುಖ ನೋಡಿದಳು. ಕೊನೆಗೆ ಇಬ್ಬರೂ ನೆನೆಯುತ್ತಲೇ ಇಳಿದರು.

ಹಿಂದೆಯೇ ನಾನೂ ಅಂಗಳಕ್ಕೆ ಇಳಿದೆ. ಅವನು ತಿರುಗಿ, ಎರಡೂ ಕೈ ಮುಂದೆ ಮಾಡಿ, ಬೇಡ ಬೇಡ ಎಂಬ ಹಾಗೆ ಅಲ್ಲಾಡಿಸಿ ಎಂತದೋ ಹೇಳಿದ. ಕೊಡೆಯೂ ಬೇಡ, ನಾನು ಬರುವುದೂ ಬೇಡ! ಇದ್ದದ್ದು ಹೇಳುತ್ತೇನೆ, ನನಗೆ ಸ್ವಲ್ಪ ಮುನಿಸು ಬಂತು. ಒಲೆಯ ಮೇಲೆ ಹಾಲು ಬೇರೆ ಇತ್ತು. "ಆಯ್ತು, ಹೋಗಿ ಬನ್ನಿ" ಎಂದು ಅಲ್ಲಿಂದಲೇ ಹೇಳಿ ಒಳಗೆ ಬಂದೆ. ಎರಚಲು ಹೊಡೆಯುತ್ತಿತ್ತು, ಬಾಗಿಲು ಹಾಕಿದೆ. ಅವರು ಸಂಕದ ಹತ್ತಿರ ನಿಂತು ತಿರುಗಿ ನೋಡಿದರಂತೆ. ಕಾರಿನಲ್ಲಿ ಅವಳು ಮಗನ ಹತ್ತಿರ, "ಅಮ್ಮನಿಗೆ ನಮ್ಮಿಂದ ಏನಾದರೂ ಬೇಸರವಾಯಿತಾ?" ಎಂದು ಕೇಳಿದಳಂತೆ.

ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಮಗನನ್ನು ಕೇಳಿದರೆ "ಸುಮ್ನೆ ತಲೆ ಕೆಡಿಸಿಕೊಳ್ಬೇಡ ಅಮ್ಮ" ಎನ್ನುತ್ತಾನೆ. ಚೀನಾ ಕಂಡವರು ಯಾರಾದರೂ ಇದ್ದರೆ ಹೇಳಿ. ನೆಂಟರನ್ನು ಕಳಿಸಿಕೊಡುವಾಗ ಅವರಲ್ಲಿ ಎಂತ ಕ್ರಮ? ಈ ಸಲ ಕೊಡೆ ಬಿಟ್ಟು ಚಂದದ ಒಂದು ಗೋಡೆ ಗಡಿಯಾರ ಕೊಡುವ ಎಂದು ತಂದಿಟ್ಟಿದ್ದೇನೆ.

ಕುಂಬ್ಳೆ ಫ್ಯಾನ್ಸಿ:

ಟೀಚರೇ, ಮೊದಲು ಆ ಗಡಿಯಾರ ಅಂಗಡಿಗೆ ವಾಪಸ್ ಕೊಟ್ಟು ಬನ್ನಿ. ಉಳಿದದ್ದು ಆಮೇಲೆ ಮಾತಾಡುವ.

ನನ್ನದು ಫ್ಯಾನ್ಸಿ ಅಂಗಡಿ. ಕ್ಲಿಪ್ಪು, ಬಳೆ, ಮಕ್ಕಳ ಆಟಿಕೆ ತರಲಿಕ್ಕೆ ಚೀನಾದ ಯಿವುಗೆ ಹೋಗಿ ಬರುತ್ತಿದ್ದೆ. ನಿಮ್ಮ ನೆಂಟರ ಹಾಂಗ್‌ಝೌ ಇರುವ ಪ್ರಾಂತ್ಯದಲ್ಲೇ ಆ ಊರು, ಹಾಗಾಗಿ ಅವರ ಕ್ರಮ ಸ್ವಲ್ಪ ಗೊತ್ತುಂಟು.

ಅವರ ಭಾಷೆಯಲ್ಲಿ "ಸೋಂಗ್" ಎಂದು ಒಂದು ಶಬ್ದ. ಉಡುಗೊರೆ ಕೊಡುವುದಕ್ಕೂ ಅದೇ, ನೆಂಟರನ್ನು ದಾರಿವರೆಗೆ ಬಂದು ಕಳಿಸುವುದಕ್ಕೂ ಅದೇ. ಗಡಿಯಾರಕ್ಕೆ "ಝೋಂಗ್" ಅನ್ನುತ್ತಾರೆ. ಕೊನೆ, ಮುಕ್ತಾಯ ಎಂಬುದಕ್ಕೂ "ಝೋಂಗ್" ಎಂದೇ ಉಚ್ಚಾರ. ಎರಡನ್ನೂ ಸೇರಿಸಿ "ಸೋಂಗ್ ಝೋಂಗ್" ಎಂದರೆ ಗಡಿಯಾರ ಕೊಡುವುದು ಎಂದೂ ಆಯಿತು, ಹಿರಿಯರ ಕೊನೆಗಾಲದಲ್ಲಿ ಹತ್ತಿರ ಕೂತು ಕಳಿಸಿಕೊಡುವುದು ಎಂದೂ ಆಯಿತು. ನೀವು ಗಡಿಯಾರ ಕಟ್ಟಿಕೊಟ್ಟರೆ ಅವರ ಕಿವಿಗೆ ಎಂತ ಬೀಳುತ್ತದೆ ನೋಡಿ.

ಕೊಡೆಯದ್ದೂ ಅದೇ ಕತೆ. ಕೊಡೆಗೆ "ಸಾನ್". ಚದುರಿ ಹೋಗುವುದಕ್ಕೂ "ಸಾನ್", ರಾಗ ಮಾತ್ರ ಸ್ವಲ್ಪ ಬೇರೆ. ಹೊರಟು ನಿಂತವರಿಗೆ ಕೊಡೆ ಕೊಟ್ಟು "ನಿಮಗೇ" ಅಂದರೆ ನಮ್ಮ ನಿಮ್ಮ ಸಂಬಂಧ ಇಲ್ಲಿಗೆ ಮುಗಿಯಿತು ಎಂದ ಹಾಗೆ. ಆ ಹುಡುಗಿ ಪಾಪ, ನಿಮ್ಮನ್ನು ಬಿಡಲು ಮನಸ್ಸಿಲ್ಲದೆ ಕೈ ಹಿಂದೆ ತೆಗೆದಿರಬೇಕು. ಹೊತ್ತು ಮುಳುಗಿದ ಮೇಲೆ ನಾವು ಉಪ್ಪು, ಸೂಜಿ ಕೊಡುವುದಿಲ್ಲ ಅಲ್ವಾ? ಹಾಗೆ ಅಂತ ಇಟ್ಟುಕೊಳ್ಳಿ.

ಇನ್ನು ಆ ಎರಡು ಕೈಯ ಬೇಡ ಬೇಡ. ಅವನು ಹೇಳಿದ್ದು "ಲ್ಯೂ ಪೂ" ಇರಬೇಕು. ಹೆಜ್ಜೆ ನಿಲ್ಲಿಸಿ, ಇಲ್ಲಿಯವರೆಗೆ ಬಂದದ್ದು ಸಾಕು ಎಂದು ಅರ್ಥ. ನೆಂಟ ಅದನ್ನು ಹೇಳಲೇಬೇಕು. ಮನೆಯವರು ಅದನ್ನು ಕೇಳಬಾರದು! ಅವನು ಬೇಡ ಎನ್ನುತ್ತಾ ಹೋಗಬೇಕು, ನೀವು ಇರಲಿ ಎನ್ನುತ್ತಾ ಹಿಂದೆ ಬರಬೇಕು. ನಾನು ಕಂಡ ಹಾಗೆ ಫ್ಲ್ಯಾಟಿನ ಬಾಗಿಲವರೆಗೆ ಬಂದರೆ ಬರೀ ಪರಿಚಯ. ಲಿಫ್ಟಿನ ಬಾಗಿಲು ಮುಚ್ಚುವವರೆಗೆ ನಿಂತರೆ ಮರ್ಯಾದೆ. ಕೆಳಗೆ ಬಂದು ಕಾರು ತಿರುಗುವವರೆಗೆ ಕೈ ಬೀಸಿದರೆ ಬೇಕಾದವರು. ನೆಂಟನ ಬೆನ್ನಿಗೇ ಬಾಗಿಲು ಹಾಕಿದ ಶಬ್ದ ಕೇಳಬಾರದು. ನಿಮ್ಮದು ಅಲ್ಲಿ ತಪ್ಪಿತು. ಬೈಯುವುದಲ್ಲ ಟೀಚರೇ, ನಾನೂ ತಪ್ಪಿದವನೇ.

ಮೊದಲನೇ ಸಲ ಒಬ್ಬ ಡೀಲರ್ ಮನೆಗೆ ಊಟಕ್ಕೆ ಕರೆದಿದ್ದ. ಒಂಬತ್ತಕ್ಕೆ ಎದ್ದೆ. "ಇನ್ನೊಂದು ಗಳಿಗೆ ಕೂತ್ಕೊಳ್ಳಿ" ಅಂದ. ನಮ್ಮೂರಿನ ಹುಡುಗ, ಕೂತ್ಕೊಳ್ಳಿ ಅಂದರೆ ಕೂರುವುದೇ. ಕೂತೆ. ಚಹಾ ಬಂತು. ಒಂಬತ್ತೂವರೆಗೆ ಎದ್ದೆ. ಮತ್ತೆ ಅದೇ ಮಾತು. ಅವನ ಹೆಂಡತಿ ಇನ್ನೊಂದು ಸೇಬು ಸಿಪ್ಪೆ ತೆಗೆದು ಹೋಳು ಮಾಡಿದಳು. ಮತ್ತೆ ಕೂತೆ. ಅವರ ಸಣ್ಣ ಮಗಳು ಸೋಫಾದಲ್ಲಿ ಯೂನಿಫಾರ್ಮಿನಲ್ಲೇ ನಿದ್ದೆ ಹೋಗಿದ್ದಳು. ಹತ್ತೂವರೆಯಾಯಿತು. ಮರುದಿನ ನನ್ನ ಜೊತೆ ಇದ್ದ ದುಭಾಷಿ ಹುಡುಗಿ ನಕ್ಕು ನಕ್ಕು ಹೇಳಿದ್ದು: "ಕೂತ್ಕೊಳ್ಳಿ ಎಂದಾಗ 'ಇಲ್ಲ, ಹೊತ್ತಾಯಿತು, ನೀವು ವಿಶ್ರಾಂತಿ ಮಾಡಿ' ಎಂದು ಹೊರಡಬೇಕು ಅಣ್ಣ." ಆ ಹೋಳು ಮಾಡಿದ ಸೇಬು ನೆನಪಾದರೆ ಈಗಲೂ ನಾಚಿಕೆ ಆಗುತ್ತದೆ.

ನೀವು ಹೇಳಬೇಕಾದ ಮಾತು ಸುಲಭ. "ಮಾನ್ ತ್ಸೋ." ನಿಧಾನ ನಡೆಯಿರಿ ಎಂದು. ನಾವು "ಮೆಲ್ಲ ಹೋಗಿ ಆಯ್ತಾ" ಅನ್ನುತ್ತೇವಲ್ಲ, ಅಕ್ಷರಕ್ಕೆ ಅಕ್ಷರ ಅದೇ.

ತಾಂಬೂಲ:

ಹೊರಡು ಎಂದು ಬಾಯಿಬಿಟ್ಟು ಹೇಳದೆ ಕಳಿಸುವ ಉಪಾಯವೂ ಅವರಲ್ಲಿ ಇತ್ತು. ಕ್ವಿಂಗ್ ಅರಸರ ಕಾಲದಲ್ಲಿ ಅಧಿಕಾರಿಗಳ ಮನೆಗೆ ಬಂದವರಿಗೆ ಚಹಾ ಇಡುತ್ತಿದ್ದರು. ಮಾತು ಮುಗಿಯಿತು ಅನಿಸಿದರೆ ಯಜಮಾನ ಬಟ್ಟಲು ಎತ್ತುತ್ತಿದ್ದ. ಕುಡಿಯಲಿಕ್ಕೆ ಅಲ್ಲ. ಅದನ್ನು ಕಂಡ ಕೂಡಲೇ ಬಾಗಿಲಲ್ಲಿದ್ದ ಆಳು "ಸೋಂಗ್ ಕೆ", ಅಂದರೆ ನೆಂಟರನ್ನು ಕಳಿಸಿಕೊಡಿ, ಎಂದು ಕೂಗುತ್ತಿದ್ದ. ನನ್ನ ಅಜ್ಜನದ್ದೂ ಅದೇ. ಯಾರಾದರೂ ಜಗಲಿಯಲ್ಲಿ ಕೂತು ಕೋರ್ಟು ಕಚೇರಿ ಕತೆ ಉದ್ದ ಮಾಡಿದರೆ ವೀಳ್ಯದೆಲೆ ತಟ್ಟೆಯನ್ನು ಮೆಲ್ಲ ಅವರ ಕಡೆ ದೂಡುತ್ತಿದ್ದರು. ಎರಡನೇ ಸಲ ದೂಡಿದರೆ ಗಟ್ಟಿಯೇ.

ಆರು ವರ್ಷ ಶೆನ್ಯಾಂಗ್:

ಫ್ಯಾನ್ಸಿ ಅಣ್ಣ ಹೇಳಿದ್ದು ಸರಿ, ಆದರೆ ಟೀಚರ್ ಅಷ್ಟೊಂದು ಹೆದರಬೇಕಾಗಿಲ್ಲ. ನಾನು ಬಾಯಾರು ಕಡೆಯವಳು, ಎಂಬಿಬಿಎಸ್ ಓದಿದ್ದು ಉತ್ತರ ಚೀನಾದ ಶೆನ್ಯಾಂಗ್‌ನಲ್ಲಿ. ನನ್ನ ಕ್ಲಾಸಿನವರು ಕೊಡೆ ವಿಷಯವನ್ನು ತಮಾಷೆ ಮಾಡುತ್ತಿದ್ದರು. ಮಳೆ ಬಂದರೆ ಕೊಡೆ ಕೊಡುತ್ತಿದ್ದರು, ಮರುದಿನ ವಾಪಸ್ ಇಸ್ಕೊಳ್ಳುತ್ತಿದ್ದರು. ಹಿಡಿದುಕೊಂಡು ಹೋಗು ಅನ್ನುವುದು ಬೇರೆ, ಇಟ್ಟುಕೋ ಅನ್ನುವುದು ಬೇರೆ. ಹಾಗೂ ಕೊಡಲೇಬೇಕೆಂದಿದ್ದರೆ ಅವರ ಕೈಯಿಂದ ಒಂದು ನಾಣ್ಯ ತೆಗೆದುಕೊಳ್ಳಿ. ಮಾರಿದ ಲೆಕ್ಕವಾಗುತ್ತದೆ, ದೋಷ ಇಲ್ಲ. ಗಡಿಯಾರ ಮಾತ್ರ ಬೇಡವೇ ಬೇಡ, ಅದು ಹುಡುಗರಿಗೂ ಹಿಡಿಸುವುದಿಲ್ಲ. ನಾಲ್ಕು ತೆಂಗಿನಕಾಯಿಯೂ ಬೇಡ. ನಾಲ್ಕರ ಉಚ್ಚಾರ ಸಾವಿನ ಹತ್ತಿರ ಹೋಗುತ್ತದೆ. ಆರು ಕೊಡಿ.

ನಮ್ಮ ಹಾಸ್ಟೆಲಿನಲ್ಲಿ ಬಾಗಿಲು ನೋಡಿಕೊಳ್ಳುವ ಹೆಂಗಸೊಬ್ಬರು ಇದ್ದರು. ಆ ವಯಸ್ಸಿನವರನ್ನು ಅಲ್ಲಿ "ಆಯೀ" ಎಂದು ಕರೆಯುತ್ತಾರೆ, ಅತ್ತೆ ಚಿಕ್ಕಮ್ಮ ಅನ್ನುವ ಹಾಗೆ. ನಮ್ಮದು ಮನೆಮಾತು ಮರಾಠಿ, ಅದರಲ್ಲಿ "ಆಯಿ" ಎಂದರೆ ಅಮ್ಮ. ಊರು ಬಿಟ್ಟ ಮೊದಲ ವಾರ ಕಾರಿಡಾರಿನಲ್ಲಿ ಯಾರೋ "ಆಯೀ" ಎಂದು ಕೂಗಿದ್ದು ಕೇಳಿ ನನಗೆ ಅಳು ಬಂದಿತ್ತು. ರಜೆಗೆ ಹೊರಡುವ ದಿನ ಅವರು ಬೆಳಿಗ್ಗೆ ಐದಕ್ಕೆ ಬಾಗಿಲು ತಟ್ಟಿ ಡಬ್ಬಿ ಕೊಟ್ಟರು. ಬಿಸಿ ಜಿಯಾವ್‌ಜ್, ನಮ್ಮ ಕರಿಗಡುಬಿನ ಆಕಾರ, ಬೇಯಿಸಿದ್ದು. ಹೊರಡುವವರಿಗೆ ಜಿಯಾವ್‌ಜ್, ಬಂದವರಿಗೆ ನೂಡಲ್ಸ್, ಇದು ಉತ್ತರದವರ ಕ್ರಮ. ನೂಡಲ್ಸ್ ದಾರದ ಹಾಗೆ ಕಾಲು ಕಟ್ಟಿ ಹಾಕುತ್ತದಂತೆ, ಬಂದವರು ಬೇಗ ಹೋಗಬಾರದೆಂದು. ನನಗಾಗಿ ಮಾಂಸ ಹಾಕದೆ ಮೊಟ್ಟೆ ಮತ್ತು ಒಂದು ಜಾತಿಯ ಈರುಳ್ಳಿ ಸೊಪ್ಪು ತುಂಬಿದ್ದರು. ನಾನು ಮೊಟ್ಟೆಯನ್ನೂ ತಿನ್ನದವಳು. ಅವತ್ತು ತಿಂದೆ. ಮನೆಯಲ್ಲಿ ಹೇಳಿಲ್ಲ.

ಇನ್ನೊಂದು. "ಮನೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ" ಎಂದು ಹೇಳಲು ಮರೆಯಬೇಡಿ. ಅದಿಲ್ಲದೆ ಅಲ್ಲಿ ಕಳಿಸಿಕೊಟ್ಟದ್ದು ಮುಗಿಯುವುದೇ ಇಲ್ಲ.

ಕುಂಬ್ಳೆ ಫ್ಯಾನ್ಸಿ:

ನಾಣ್ಯದ್ದು ನನಗೆ ಮರೆತೇ ಹೋಗಿತ್ತು, ಡಾಕ್ಟ್ರೇ. ಟೀಚರೇ, ಎಂತದಾದರೂ ಕೊಟ್ಟರೆ ಒಂದೆರಡು ಸಲ ಬೇಡ ಅನ್ನುತ್ತಾರೆ, ಅಲ್ಲಿಗೆ ಬಿಟ್ಟುಬಿಡಬೇಡಿ.

ನೀರ್ಚಾಲು ಟೀಚರ್:

ಎಲ್ಲರಿಗೂ ಧನ್ಯವಾದ. ಅವರು ಬಂದು ಹೋಗಿ ಹತ್ತು ದಿನ ಆಯಿತು, ಬರೆಯಲಿಕ್ಕೆ ತಡವಾಯಿತು.

ಗಡಿಯಾರವನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ನಮ್ಮ ಅಡುಗೆಮನೆಯಲ್ಲಿ ಉಂಟು. "ಸೋಂಗ್" ಶಬ್ದದ ವಿಷಯ ಓದಿದ ಮೇಲೆ ಎರಡು ದಿನ ಅದೇ ತಲೆಯಲ್ಲಿತ್ತು. ನಮ್ಮ "ಕಳಿಸಿಕೊಡು", "ಬೀಳ್ಕೊಡು" ಎರಡರಲ್ಲೂ "ಕೊಡು" ಕೂತಿದೆಯಲ್ಲ! ಇಷ್ಟು ವರ್ಷ ವ್ಯಾಕರಣ ಕಲಿಸಿದವಳಿಗೆ ಅದು ಕಂಡಿರಲಿಲ್ಲ.

ಹೊರಟ ದಿನ ಹೋದ ವರ್ಷಕ್ಕಿಂತ ಜಾಸ್ತಿ ಮಳೆ. ಹಾಲನ್ನು ಮೊದಲೇ ಕಾಯಿಸಿ ಇಳಿಸಿಟ್ಟಿದ್ದೆ. ಹಲಸಿನ ಹಪ್ಪಳದ ಕಟ್ಟು ಕೊಟ್ಟಾಗ ಬೇಡ ಅಂದಳು. ಮತ್ತೆ ಕೊಟ್ಟೆ, ಬೇಡ. ಮೂರನೇ ಸಲ ಎರಡೂ ಕೈಯಲ್ಲಿ ತೆಗೆದುಕೊಂಡಳು. ಆರು ತೆಂಗಿನಕಾಯಿ ಕಟ್ಟಿದ್ದೆ, ವಿಮಾನಕ್ಕೆ ಭಾರವಾಗುತ್ತದೆಂದು ಮಗ ಎರಡು ತೆಗೆಯಲು ಹೊರಟ. ನಾಲ್ಕು ಉಳಿಯುತ್ತದಲ್ಲ! ಗದರಿಸಿ ಇನ್ನೂ ಒಂದು ತೆಗೆಸಿದೆ. ಅವನಿಗೆ ಅರ್ಥವಾಗಲಿಲ್ಲ, ಆ ಹುಡುಗಿಗೆ ಆಯಿತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಕರಿಕೊಡೆಯನ್ನು ನಾನು ಕೊಡಲಿಲ್ಲ. ಬಿಡಿಸಿ ನಾನೇ ಹಿಡಿದುಕೊಂಡು ಅವಳನ್ನು ಒಳಗೆ ಸೇರಿಸಿಕೊಂಡೆ. ಅಂಗಳದಲ್ಲಿ ಗಂಡ ತಿರುಗಿ "ಲ್ಯೂ ಪೂ" ಅಂದ. ಈ ಸಲ ಕಿವಿಗೆ ಸರಿಯಾಗಿ ಬಿತ್ತು. "ಆಯ್ತು ಆಯ್ತು" ಎನ್ನುತ್ತಾ ನಡೆದೆ. ಸಂಕದ ಹತ್ತಿರ ಮತ್ತೆ ಅಂದ. ಅಡಿಕೆಮರದ ಸಂಕ, ಮಳೆಗೆ ಜಾರುತ್ತಿತ್ತು. ಅವಳು ನನ್ನ ತೋಳು ಹಿಡಿದಳು, ಅವಳು ಬೀಳದ ಹಾಗೋ ನಾನು ಬೀಳದ ಹಾಗೋ ಗೊತ್ತಿಲ್ಲ. ಮೆಟ್ಟಿಲ ಬುಡದಲ್ಲಿ ಮೂರನೇ ಸಲ. ಹದಿನಾಲ್ಕೂ ಮೆಟ್ಟಿಲು ಹತ್ತಿದೆ. ಮೇಲೆ ಡ್ರೈವರ್ "ಮತಿ ಟೀಚರೇ, ಫ್ಲೈಟ್ ಪೋಗುಂ" (ಸಾಕು ಟೀಚರೇ, ಫ್ಲೈಟ್ ಹೋಗುತ್ತದೆ) ಎಂದು ಮಲಯಾಳದಲ್ಲಿ ಹೇಳುತ್ತಾ ಹಾರ್ನ್ ಒತ್ತುತ್ತಿದ್ದ. ನಾನು "ಮಾನ್ ತ್ಸೋ" ಅಂದೆ. ಅವರಿಗೆ ಕೇಳಿಸಲಿಲ್ಲ, ಮಳೆಯ ಶಬ್ದ. ಗಟ್ಟಿಯಾಗಿ ಇನ್ನೊಮ್ಮೆ ಅಂದೆ. ಇಬ್ಬರೂ ಕಿಟಕಿ ಇಳಿಸಿ ನೆನೆಯುತ್ತಾ ಕೈ ಬೀಸಿದರು. ಕಾರು ತಿರುವು ದಾಟುವವರೆಗೆ ನಿಂತೆ. ಸೀರೆ ಮಂಡಿವರೆಗೆ ಚಂಡಿ.

ಮರುದಿನ ಮಗನ ಫೋನಿನಿಂದ ಮೆಸೇಜ್ ಬಂತು, ಮನೆ ಮುಟ್ಟಿದೆವು ಎಂದು. ಕೆಳಗೆ ಒಂದು ಫೋಟೊ. ಅವರ ಅಡುಗೆಮನೆಯ ದೊಡ್ಡ ಬಾಣಲೆಯಲ್ಲಿ ಹಲಸಿನ ಹಪ್ಪಳ. ಸ್ವಲ್ಪ ಕರಟಿದೆ. ಎಣ್ಣೆ ಜಾಸ್ತಿ ಕಾದಿರಬೇಕು.